ದೇವಿಕಾಳ ಮಲ್ಲು

ಚಿತ್ತಾಪುರದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿರುವ ರಾವೂರಿನ ದೇವಿಕಾ ಬೇಸ್‌ಬಾಲ್ ಚೆಂಡನ್ನು ಒಮ್ಮೆಯೂ ಮುಟ್ಟಿದವಳಲ್ಲ; ಆದರೂ ಕಂಪ್ಯೂಟರೇ ಆಡಿಸುವ ಬೇಸ್‌ಬಾಲ್ ಲೀಗೊಂದರಲ್ಲಿ ಅವಳದೊಂದು ತಂಡವಿದೆ, ಅದರಲ್ಲಿ ಚೆಂಡೆಸೆಯುವ ಹತ್ತೊಂಬತ್ತರ ಮಲ್ಲು ಇದ್ದಾನೆ. ಅವನು ಇರುವುದು ಮೊಬೈಲಿನೊಳಗೆ ಮಾತ್ರ. ಆದರೆ ದಿನಾ ಅವಳು ಹತ್ತುವ ಬಸ್ಸಿನ ಕಂಡಕ್ಟರನಿಗೂ ಮಲ್ಲುವಿನ ಎಸೆತದ ವೇಗ ಬಾಯಿಪಾಠ. ಅವನ ಭುಜ ನೋಯುತ್ತಿದೆಯೆಂದು ಸುದ್ದಿ ಬಂದ ದಿನ ಅವಳು ಬುತ್ತಿ ಬಿಚ್ಚಲಿಲ್ಲ. ತಾಯಿ ಗುಂಡಮ್ಮ ಮೊಬೈಲಿಗೇ ಉಪ್ಪು-ಮೆಣಸಿನಕಾಯಿ ನಿವಾಳಿಸಿ, "ನಿನ್ನ ಹುಡುಗಗ ಯಾರದೋ ಕಣ್ಣು ಬಿದ್ದದ ನೋಡವಾ" ಎಂದಳು. ಮಲ್ಲುವಿನ ಸರಾಸರಿ ತೆಗೆಯುವಾಗ ದೇವಿಕಾಳ ಎಡಗೈ ಮಾತ್ರ ಯಾಕೋ ಮೇಜಿನ ಕೆಳಗೆ ಹೋಗುತ್ತದೆ. ಈ ವಾರ ಅವಳ ತಂಡ ಮೊದಲ ಸಲ ಫೈನಲ್ ಮುಟ್ಟಿದೆ. ಅವಳದೇ ಕಿರಿಯರ ತಂಡದಲ್ಲಿ ಪಳಗುತ್ತಿರುವ ಮಲ್ಲುವನ್ನು ಈಗಲೇ ಫೈನಲ್ ಆಡುವ ಹಿರಿಯರ ತಂಡಕ್ಕೆ ಏರಿಸಿದರೆ ಕಪ್ ಗೆಲ್ಲಬಹುದು. ಪಕ್ಕದ ಮೇಜಿನ ಕಾಶಪ್ಪನವರಿಗೆ ತಡೆಯಲಾಗಲಿಲ್ಲ. "ಏರಿಸವಾ ಅವನ್ನ! ಅಷ್ಟು ಜೋರ್ ಒಗಿತಾನ, ಇಟ್ಕೊಂಡು ಉಪ್ಪಿನಕಾಯಿ ಹಾಕ್ತಿ ಏನು?" "ಜೋರ್ ಒಗಿತಾನ್ರಿ ಕಾಕಾ, ಖರೆ. ಚೆಂಡು ತಿರುಗಿಸೋದು ಇನ್ನಾ ಕಲಿಲಿಕತ್ತಾನ. ಒಂದು ವರ್ಷ ಅಲ್ಲೇ ಇರ್ಲಿ." "ಕಪ್ ಹೋಗ್ತದಲ್ಲವಾ?" "ಹೋಗ್ಲಿ ಬಿಡ್ರಿ." ಚಿಕ್ಕಂದಿನಲ್ಲಿ, ದೇವಿಕಾ ಭಾಳ ಶಾಣ್ಯಾ ಹುಡುಗಿ ಎಂದು ಶಾಲೆಯ ಮಾಸ್ತರರು ಅವಳನ್ನು ಎರಡನೇ ತರಗತಿಯಿಂದ ನೇರ ನಾಲ್ಕನೆಯದಕ್ಕೆ ಕೂರಿಸಿದ್ದರು, ಗುಂಡಮ್ಮ ಓಣಿಗೆಲ್ಲ ಪೇಡೆ ಹಂಚಿದ್ದಳು. ಅವಳು ಕೂರದೇ ಹೋದ ಮೂರನೆಯದರಲ್ಲಿ ಕಲಿಸುವ ಭಾಗಾಕಾರವನ್ನು, ಅವರ ಮನೆಯ ಮೊದಲ ಪದವೀಧರೆ, ಇಂದಿಗೂ ಯಾರಿಗೂ ಕಾಣದಂತೆ ಬೆರಳೆಣಿಸಿಯೇ ಮಾಡುತ್ತಾಳೆ.