ನಿಲ್ಲಬೇಡ ಎಂದ ಜಯಂತಿ ಅಕ್ಕ

ಜಯಂತಿ ಅಕ್ಕ ಹೊಸಬರನ್ನು ಕಂಡರೆ ಕೈ ಕುಲುಕುತ್ತಿರಲಿಲ್ಲ. ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು. ಗಂಡನ ಕೆಲಸಕ್ಕೆಂದು ಸೌದಿಯ ಖಮೀಸ್ ಮುಶೈತಿಗೆ ಬಂದ ಹೊಸತರಲ್ಲಿ, ಕನ್ನಡದವರ ಒಂದು ಊಟದ ಕೂಟದಲ್ಲಿ ನನ್ನ ಕೈಯನ್ನೂ ಹಾಗೆಯೇ ಹಿಡಿದರು. ಹೆಸರು ಹೇಳಲು ಬಾಯಿ ತೆರೆದೆ. "ಮಾತಾಡಬೇಡ" ಎಂದರು. ಅರ್ಧ ನಿಮಿಷ ಗಡಿಯಾರ ನೋಡಿ ಕೈಬಿಟ್ಟು, "ತೊಂಬತ್ತಾರು. ಕೂತು ಕೂತು ಎಂತ ಮಾಡಿಕೊಂಡಿದ್ದಿ ಮಾರಾಯ್ತಿ? ಇದು ನಿನ್ನದೇ ಹೃದಯವಾ, ಬಾಡಿಗೆಗೆ ತಂದದ್ದಾ?" ಎಂದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಹಿರಿಯರು ಬೈದರೆ ಮೊದಲು ಮುಗುಳ್ನಗಬೇಕೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು.

ಅವರು ಕಾರ್ಕಳದ ಕಡೆಯವರು. ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಎಲ್ಲರಿಗಿಂತ ಹಿರಿಯ ನರ್ಸ್. ಮದುವೆ ಆಗಿರಲಿಲ್ಲ. ತಲೆಗೂದಲಿಗೆ ಬಲಗಡೆ ಮೂರೇ ಮೂರು ಕಪ್ಪು ಪಿನ್ನು, ಒಂದರ ಕೆಳಗೆ ಒಂದು, ಅಳತೆ ಹಿಡಿದು ಸಿಕ್ಕಿಸಿದ ಹಾಗೆ. ತಮ್ಮ ಬಿಳಿ ಕಾರಿನಲ್ಲಿ ಯಾರನ್ನಾದರೂ ಕೂರಿಸಿಕೊಳ್ಳುವ ಮೊದಲು ಸೀಟಿನ ಮೇಲೆ ಟವೆಲ್ ಹಾಸುತ್ತಿದ್ದರು. ಕೂರುವವರ ಅನುಕೂಲಕ್ಕಲ್ಲ, ಅವರ ಬೆವರು ಸೀಟಿಗೆ ತಾಗಬಾರದೆಂದು.

ಆ ಟವೆಲ್ಲಿನ ಮೇಲೆ ಕೂತು ನಾನೂ ಜೋಹರಾಳೂ ಎರಡು ವರ್ಷ ಶುಕ್ರವಾರ ಬೆಳಗಾದರೆ ಪಕ್ಕದ ಊರಾದ ಅಭಾದ ಅಣೆಕಟ್ಟಿನ ಕೆರೆಗೆ ಓಡಲು ಹೋದೆವು. ಜೋಹರಾ ಪುತ್ತೂರಿನವಳು, ಇಂಡಿಯನ್ ಸ್ಕೂಲಿನ ಟೀಚರು. ಕೆರೆಯ ಸುತ್ತಿನ ರಸ್ತೆ ಒಂದು ಕಡೆಯೂ ಸಮತಟ್ಟಿಲ್ಲ. ಏರಿದಷ್ಟು ಇಳಿಯಬೇಕು, ಇಳಿದಷ್ಟು ಏರಬೇಕು. ಮಂಜು ಸರಿದಾಗ ಕೆಳಗೆ ನೀರು, ಆಚೆ ಗುಡ್ಡ, ರಸ್ತೆ ಬದಿಯ ಕಬ್ಬಿಣದ ಬೇಲಿಯ ಮೇಲೆ ಸಾಲಾಗಿ ಕೂತ ದೊಡ್ಡ ದೊಡ್ಡ ಮಂಗಗಳು. ನೋಡಲು ಎಷ್ಟು ಚಂದವೋ ಓಡಲು ಅಷ್ಟೇ ಯಾತನೆ. ಒಮ್ಮೆ ಏರಿನಲ್ಲಿ ಜೋಹರಾ ಅಳತೊಡಗಿದಳು. ಅಕ್ಕ ಹಿಂದೆ ತಿರುಗಿಯೂ ನೋಡಲಿಲ್ಲ.

"ಅಳುವುದಾದ್ರೆ ಓಡ್ತಾ ಅಳು. ನಿಂತು ಅಳ್ಲಿಕ್ಕೆ ಇದೆಂತ ಬಸ್ ಸ್ಟ್ಯಾಂಡಾ? ಆ ಮಂಗ ನೋಡು, ಮರಿಯನ್ನು ಬೆನ್ನಿಗೆ ಹಾಕ್ಕೊಂಡು ಗುಡ್ಡ ಹತ್ತುದು. ನಿನಗೆ ನಿನ್ನನ್ನೇ ಹೊರ್ಲಿಕ್ಕೆ ಆಗುದಿಲ್ಲ."

"ಮಂಗಕ್ಕೆ ಪೇಪರ್ ತಿದ್ಲಿಕ್ಕೆ ಇಲ್ಲ ಅಕ್ಕ" ಎಂದಳು ಜೋಹರಾ, ಅಳುತ್ತಲೇ.

"ಅದಕ್ಕೇ ಅದು ಸಪೂರ ಉಂಟು."

ಅವರದ್ದು ಒಂದೇ ಕಟ್ಟುನಿಟ್ಟಿನ ನಿಯಮ: ಯಾರು ಬಿದ್ದರೂ ಯಾರೂ ನಿಲ್ಲಬಾರದು. "ನೀನು ನಿಂತ್ರೆ ಬಿದ್ದವಳಿಗೆ ಅಳು ಬರ್ತದೆ, ನಿನ್ನ ಕಾಲೂ ಹಿಡೀತದೆ. ಒಬ್ಬಳು ಹಾಳಾಗುವಲ್ಲಿ ಇಬ್ಬರು." ನಾನು ಒಂದು ಇಳಿಜಾರಿನಲ್ಲಿ ಜಲ್ಲಿಕಲ್ಲಿನ ಮೇಲೆ ಜಾರಿ ಬಿದ್ದಾಗ ಅವರು ನನ್ನ ಚಾಚಿದ ಕೈಯನ್ನು ದಾಟಿಕೊಂಡು ಓಡಿಹೋದರು. ಅವರ ಬೂಟಿನ ಅಡಿಯಲ್ಲಿ ಅಂಟಿದ್ದ ಒಂದು ಹಸಿರು ಎಲೆ ಕೂಡ ನನಗೆ ಕಂಡಿತ್ತು. ಕುಂಟಿಕೊಂಡು ಕಾರಿನವರೆಗೆ ಬಂದ ಮೇಲೆ ಚಿಮುಟ ತೆಗೆದು ಮೊಣಕಾಲಿನಿಂದ ಒಂದೊಂದೇ ಕಲ್ಲು ಕಿತ್ತರು. ನಾನು ಹಲ್ಲು ಕಚ್ಚಿದೆ. "ನೋವುಂಟಾ? ಉಂಟಾದ್ರೆ ಜೀವ ಉಂಟು" ಎಂದು ಕಲ್ಲುಗಳನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

ಅವರಿಗೆ ಐವತ್ತೊಂಬತ್ತು ತುಂಬಿದ ವರ್ಷ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದ. ವಯಸ್ಸಾದವರ ಕಾಂಟ್ರಾಕ್ಟನ್ನು ಮುಂದುವರಿಸುವ ಮೊದಲು ಮೈಯಲ್ಲಿ ತ್ರಾಣ ಇದೆಯೇ ಎಂದು ನೋಡಬೇಕೆಂದ. ಅದೇ ಚಳಿಗಾಲದಲ್ಲಿ ಕೆರೆಯ ಸುತ್ತ ಹಾಫ್ ಮ್ಯಾರಥಾನ್ ಇತ್ತು. ಆಸ್ಪತ್ರೆಯ ತಂಡವೂ ಓಡುವುದೆಂದಾಯಿತು, ಅಕ್ಕ ನಮ್ಮನ್ನೂ ಅದಕ್ಕೆ ಸೇರಿಸಿದರು. ಕೊನೆಯ ಗೆರೆಯ ಬಳಿ ಆಡಳಿತಾಧಿಕಾರಿಯೇ ನಿಲ್ಲುವವನಿದ್ದ.

"ಆ ಮನುಷ್ಯನ ಎದುರು ಇಪ್ಪತ್ತೊಂದು ಕಿಲೋಮೀಟರ್ ಓಡಿ ಬಂದು ನಿಲ್ತೇನೆ. ಆಮೇಲೆ ನನ್ನ ವಯಸ್ಸು ಕೇಳಲಿ" ಎಂದರು ಅಕ್ಕ, ಕಾರು ಓಡಿಸುತ್ತಾ.

"ಊರಿಗೆ ಹೋಗಿ ಆರಾಮ ಇರಬಹುದಲ್ಲ ಅಕ್ಕ?" ಎಂದೆ.

"ಎಲ್ಲಿ, ಅಣ್ಣನ ಮನೆಯಲ್ಲಾ? ಇಲ್ಲಿ ಸರ್ಜನ್ ಕೈ ಚಾಚಿದ್ರೆ ಎಂತ ಕೊಡ್ಬೇಕು ಅಂತ ನನಗೆ ಗೊತ್ತುಂಟು. ಅಲ್ಲಿ ಅತ್ತಿಗೆ ಕೈ ಚಾಚಿದ್ರೆ ತೆಂಗಿನಕಾಯಿ ಕೊಡ್ಬೇಕು."

ಓಟದ ದಿನ ಜೋಹರಾ ನಮಗಿಂತ ಬಹಳ ಮುಂದೆ ಹೋಗಿದ್ದಳು. ನಾನು ಅಕ್ಕನ ಹಿಂದೆಯೇ ಇದ್ದೆ. ಹದಿನಾರನೆಯ ಕಿಲೋಮೀಟರಿನಿಂದ ಅವರ ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಕೊನೆಯ ದೊಡ್ಡ ಏರಿನ ಮಧ್ಯೆ ಅವರು ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಮಂಡಿ ಮಡಚಿದಲ್ಲೇ ಹಿಡಿದುಕೊಂಡಿತ್ತು.

"ನೀನು ಹೋಗು. ಇದು ಹಳೆಯದ್ದು. ಹತ್ತು ನಿಮಿಷ ಕೂತ್ರೆ ತನ್ನಷ್ಟಕ್ಕೇ ಬಿಡ್ತದೆ. ಹೊತ್ತು ಬೇಕಾದಷ್ಟುಂಟು."

"ಯಾರನ್ನಾದ್ರೂ ಕರೀತೇನೆ ಅಕ್ಕ."

"ಕರೀಬೇಡ. ನಿಲ್ಲಲೂ ಬೇಡ. ಎರಡು ವರ್ಷ ಎಂತ ಕಲಿತದ್ದು ನೀನು?"

ಅವರ ಮೇಲ್ದುಟಿಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು. ಮೂರು ಪಿನ್ನುಗಳಲ್ಲಿ ಒಂದು ಸಡಿಲಾಗಿ ಕಿವಿಯ ಮೇಲೆ ನೇತಾಡುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿ, ಓಟಗಾರರ ಹಿಂದೆ ಬರುತ್ತಿದ್ದ ಆಂಬುಲೆನ್ಸಿನವರನ್ನು ಕರೆದೆ. ಅವರು ಬಂದು ಸ್ಟ್ರೆಚರ್ ಬಿಚ್ಚಿದರು. ಅಕ್ಕ ಅರಬಿಯಲ್ಲಿ ಬೇಡ ಬೇಡ ಎಂದರೂ ಕೇಳದೆ ಮಲಗಿಸಿ ಪಟ್ಟಿ ಬಿಗಿದರು. ಬಾಗಿಲು ಮುಚ್ಚುವವರೆಗೂ ಅಕ್ಕ ನನ್ನನ್ನೇ ನೋಡುತ್ತಿದ್ದರು. ಅದು ನೋವಿನ ನೋಟವೆಂದು ನಾನು ತಿಳಿದೆ.

ಉಳಿದ ದೂರವನ್ನು ಓಡಿ ಮುಗಿಸಿದೆ. ಗೆರೆಯಾಚೆ ಆಡಳಿತಾಧಿಕಾರಿ ನಿಂತಿದ್ದ. ನನ್ನ ಕೊರಳಿಗೆ ಪದಕ ಹಾಕಿ, ಸಿಸ್ಟರ್ ಜಯಂತಿ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ದಾರಿಯಲ್ಲೇ ಇದ್ದಾರೆ ಎಂದರೆ ಮುಗಿಯುತ್ತಿತ್ತು. ಹಿರಿಯ ಅಧಿಕಾರಿ ಕೇಳಿದ್ದಕ್ಕೆ ಪೂರ್ಣ ವಾಕ್ಯದಲ್ಲಿ, ಸತ್ಯವಾಗಿ ಉತ್ತರಿಸಿ ನನಗೆ ಅಭ್ಯಾಸ. ಮಂಡಿ ಹಿಡಿದುಕೊಂಡು ಕುಸಿದರು, ಪಾಪ, ನೋವು ಹಳೆಯದಂತೆ, ಯಾರಿಗೂ ಹೇಳದೆ ನುಂಗಿಕೊಂಡಿದ್ದರು, ಆ ವಯಸ್ಸಿನಲ್ಲಿ ಅಷ್ಟು ಓಡಿದ್ದೇ ದೊಡ್ಡದು ಎಂದೆಲ್ಲ ಹೇಳಿದೆ. ಅವರ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದೇನೆ ಎಂದೇ ನನ್ನ ಮನಸ್ಸಿನಲ್ಲಿತ್ತು. ಅವನು ಗಮನವಿಟ್ಟು ಕೇಳಿಸಿಕೊಂಡು ಥ್ಯಾಂಕ್ಯೂ ಎಂದ.

ಆಂಬುಲೆನ್ಸು ಅವರನ್ನು ಒಯ್ದದ್ದು ಅವರದೇ ಆಸ್ಪತ್ರೆಗೆ. ಮಂಡಿ ಸವೆದಿದೆ, ತಾಸುಗಟ್ಟಲೆ ನಿಲ್ಲುವ ಕೆಲಸ ಕೂಡದು ಎಂದು ಡ್ಯೂಟಿ ಡಾಕ್ಟರು ಫೈಲಿನಲ್ಲಿ ಬರೆದರು. ಎರಡು ವಾರದೊಳಗೆ, ಕೆಲಸ ಮುಗಿಯಿತು, ದೇಶ ಬಿಡಬೇಕು ಎಂಬ ಫೈನಲ್ ಎಕ್ಸಿಟ್‌ನ ಕಾಗದ ಬಂತು. ಇಲ್ಲಿ ಇರಲು ಬೇಕಾದ ಇಕಾಮಾ ಹೋಯಿತು, ಥಿಯೇಟರಿನ ಬೀಗದ ಕೈ ಹೋಯಿತು.

ಹೊರಡುವ ಹಿಂದಿನ ದಿನ ನಾನು ನೀರುದೋಸೆ ಮಾಡಿಕೊಂಡು ಅವರ ಫ್ಲಾಟಿಗೆ ಹೋದೆ. ಮಂಚದ ಮೇಲೆ ಬಿಳಿ ಸಮವಸ್ತ್ರಗಳನ್ನು ಅಡುಕಿಟ್ಟಿದ್ದರು. ಲಾಂಡ್ರಿಯಲ್ಲಿ ಅದಲು ಬದಲಾಗದಂತೆ ಪ್ರತಿಯೊಂದರ ಕಾಲರಿನ ಒಳಗೂ ಹೆಸರಿನ ಪಟ್ಟಿ ಹೊಲಿದಿತ್ತು. ನಾನು ಬಾಗಿಲಲ್ಲೇ ಅತ್ತೆ.

"ಕ್ಷಮಿಸಿ ಅಕ್ಕ. ನನಗೆ ಗೊತ್ತಾಗ್ಲಿಲ್ಲ."

"ಗೊತ್ತಿತ್ತು. ನಾನು ಬಾಯಿಬಿಟ್ಟು ಹೇಳಿದ್ದೆ. ಕೂತ್ಕೋ." ಒಂದು ಸಣ್ಣ ಕತ್ತರಿ ನನ್ನ ಕೈಗಿತ್ತರು. "ಇದನ್ನೆಲ್ಲ ಥಿಯೇಟರಿನ ಹುಡುಗಿಯರಿಗೆ ಕೊಡ್ಲಿಕ್ಕುಂಟು. ಹೆಸರು ಬಿಚ್ಚು. ನೀನೇ ಬಿಚ್ಚು."

ಒಂಬತ್ತು ಸಮವಸ್ತ್ರಗಳು. ಅವರು ಎದುರಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತು ನೋಡಿದರು. ಒಂದು ಕಡೆ ಬಟ್ಟೆ ಚೂರು ಹರಿಯಿತು. "ನಿಧಾನ" ಎಂದರು, "ಒಳ್ಳೆಯವಳಾಗಿರ್ಲಿಕ್ಕೆ ನಿನಗೆ ಯಾವಾಗಲೂ ಅವಸರ." ದೋಸೆಯ ಡಬ್ಬಿಯನ್ನು ಮುಟ್ಟಲಿಲ್ಲ. ಹೊರಡುವಾಗ ಅದನ್ನು ನನ್ನ ಚೀಲದೊಳಗೆ ವಾಪಸು ಇಟ್ಟರು.

ಅವರು ಹೋದ ಮೇಲೆ ನಾನು ಕಳಿಸಿದ ಸಂದೇಶಗಳನ್ನೆಲ್ಲ ಅವರು ಓದಿದ್ದಾರೆ, ಒಂದಕ್ಕೂ ಉತ್ತರವಿಲ್ಲ. ಜೋಹರಾಳಿಗೆ ಬರೆಯುತ್ತಾರಂತೆ. ಮೊನ್ನೆ ಧೈರ್ಯ ಮಾಡಿ ಕಾರ್ಕಳದ ಮನೆಯ ಫೋನಿಗೇ ಮಾಡಿದೆ. ಅತ್ತಿಗೆ ಎತ್ತಿಕೊಂಡರು. ಹೆಸರು ಹೇಳಿದೆ. ಅವರು ಬಾಯಿಯನ್ನು ಫೋನಿನಿಂದ ಸರಿಸಿ, "ಜಯಂತೀ, ಯಾರೋ ಸೌದಿಯಿಂದ. ವೀಣಾ ಅಂತೆ" ಎಂದು ಕೂಗಿದರು. ಒಳಗೆಲ್ಲೋ ತೆಂಗಿನಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಇಲ್ಲ ಅಂತ ಹೇಳಿ" ಎಂದರು ಜಯಂತಿ ಅಕ್ಕ, ನನಗೆ ಕೇಳುವಷ್ಟು ಸ್ಪಷ್ಟವಾಗಿ. ಮತ್ತೆ ತುರಿಯುವ ಸದ್ದು ಶುರುವಾಯಿತು.