ದೊಡ್ಡ ಚಂದ್ರನಿಗೆ ದರ್ಭೆ

ಆ ಹುಣ್ಣಿಮೆಯಂದು ಆದದ್ದು ಇಷ್ಟೇ: ಚಂದ್ರ ಸ್ವಲ್ಪ ದೊಡ್ಡದಾಗಿ ಕಂಡ, ನನ್ನ ಸೊಸೆ ಮನೆಯನ್ನೇ ತಲೆಕೆಳಗು ಮಾಡಿದಳು.

ಚಂದ್ರ ಆಗಾಗ ಭೂಮಿಯ ಹತ್ತಿರ ಬಂದು ತುಸು ದೊಡ್ಡದಾಗಿ ಕಾಣುತ್ತಾನೆ, ದೂರ ಸರಿದಾಗ ಸಣ್ಣಗಾಗುತ್ತಾನೆ. ಟಿವಿಯ ಜ್ಯೋತಿಷಿ ಅದನ್ನೇ ಗಂಡಾಂತರ ಎಂದ. ಸೊಸೆ ಅದನ್ನು ಗ್ರಹಣದಂತೆಯೇ ಆಚರಿಸಿ, ಉಪ್ಪಿನಕಾಯಿ ಜಾಡಿಯಿಂದ ನೀರಿನ ಕೊಡದವರೆಗೆ ದರ್ಭೆ ಹಾಕಿದಳು. ತುಂಬು ಬಸುರಿ ಮೊಮ್ಮಗಳನ್ನು ಮಧ್ಯಾಹ್ನದಿಂದಲೇ ಊಟವಿಲ್ಲದೆ ಕೋಣೆಯಲ್ಲಿ ಕೂರಿಸಿದಳು.

ಸಂಜೆ ದ್ರಾಕ್ಷಿ ಚಪ್ಪರದಾಚೆ ಚಂದ್ರ ಹುಟ್ಟಿದಾಗ, ನೋಡಬಾರದು ಎಂದವಳೇ ಮಾಳಿಗೆ ಹತ್ತಿ ಫೋಟೋ ತೆಗೆಯುತ್ತಿದ್ದಳು. ನಾನೂ ಹತ್ತಿ ಹೋಗಿ ನೋಡಿದರೆ, ಫೋನಿನಲ್ಲಿ ಅವನು ರಾಗಿಕಾಳಿನಷ್ಟು ಬಂದಿದ್ದ.

"ಇಷ್ಟೇ ಇಷ್ಟು ಇರೋನಿಗೆ ಹೆದರ್ಕೊಂಡು ಬಸುರೀನ ಉಪವಾಸ ಕೆಡವಿದ್ಯೇನೇ?" ಎಂದೆ.

"ಫೋನಲ್ಲಿ ಹಂಗೇ ಬರೋದು ಅತ್ತೆ. ಮಗೀಗೇನಾದ್ರೂ ಆದ್ರೆ ನೀವು ನೋಡ್ಕೋತೀರಾ?"

"ಹೊಟ್ಟೆಗಿಲ್ದೆ ಏನಾದ್ರೂ ಆದ್ರೆ ನಿನ್ನ ಟಿವಿಯೋನು ಬಂದು ನೋಡ್ಕೋತಾನಾ?"

ಕೆಳಗಿಳಿದು ಮುದ್ದೆ ಮಾಡಿ, ಸೊಪ್ಪಿನ ಸಾರು ಬಿಟ್ಟು ಮೊಮ್ಮಗಳ ಮುಂದಿಟ್ಟೆ. ಎರಡನೇ ಮುದ್ದೆಯನ್ನು ಅವಳೇ ಕೇಳಿ ಹಾಕಿಸಿಕೊಂಡಳು. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು.

ಮರುದಿನ ಬೆಳಿಗ್ಗೆ ನಾನು ಎದ್ದವಳೇ ಜಾಡಿ, ಕೊಡಗಳ ಮೇಲಿದ್ದ ದರ್ಭೆಯನ್ನೆಲ್ಲ ಆರಿಸಿ ಒಯ್ದು ಹಸುವಿಗೆ ಹಾಕಿದೆ.