ತಮ್ಮನ ಮೇಲೆ ಬರೆದ ಪದ

ಕಲಬುರಗಿಯ ಖೂಬಾ ಪ್ಲಾಟಿನ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿ ಸೇರಿದ ಹೊಸದರಲ್ಲಿ ನನಗೆ ಇಂಗ್ಲಿಷ್ ಪದಗಳ ಹುಚ್ಚು ಹಿಡಿದಿತ್ತು. ಕಮಲಾಪುರದ ರೈತರೊಬ್ಬರ ಪರವಾಗಿ ಅವರ ತಮ್ಮನಿಗೆ ನೋಟಿಸು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಮೊದಲ ನೋಟಿಸು. ಬದುವಿನ ಮೇಲಿದ್ದ ಅಣ್ಣನ ನಾಲ್ಕು ಕೆಂಪು ಬಾಳೆಗಿಡಗಳನ್ನು ತಮ್ಮ ಕಡಿದುಹಾಕಿದ್ದ. ಇಬ್ಬರೂ ಮಾತು ಬಿಟ್ಟು ವರ್ಷ ಕಳೆದಿತ್ತು. ಅಷ್ಟೇ ಬರೆದರೆ ಸಪ್ಪೆಯೆನಿಸಿ, ನಿಘಂಟು ಜಾಲಾಡಿ ‘ಆ್ಯನಿಮಸ್’ ಎಂಬ ಪದ ಹೆಕ್ಕಿ ಸೇರಿಸಿದೆ.

ನಮ್ಮ ಸಾಹೇಬರು ಅದನ್ನು ‘ಅನೀಮಸ್’ ಎಂದು ಓದಿದರು. ಒತ್ತು ಮೊದಲ ಅಕ್ಷರಕ್ಕೇ ಬೀಳಬೇಕೆಂದು ಫೋನಿನಲ್ಲಿ ಹತ್ತು ಸಲ ಕೇಳಿ ಕಲಿತಿದ್ದ ನಾನು, ತಿದ್ದುವ ಧೈರ್ಯವಿಲ್ಲದೆ ಒಳಗೊಳಗೇ ಹಿಗ್ಗಿದೆ. ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದರೆ, ಯಾರಿಗೆ ಬೈಯುತ್ತಿದ್ದೀ ಎಂದು ಅವ್ವ ಕೇಳಿದಳು.

ಮರುದಿನ ಆ ರೈತರು ಬಂದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನೋಟಿಸು ಓದಿ ಹೇಳುವಾಗ ಆ ಪದವನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಅರ್ಥ ಕೇಳಿದರು. ಒಳಗೇ ಬೇರುಬಿಟ್ಟ ಹಗೆ, ಕೇಡು ಬಗೆಯುವ ಮನಸ್ಸು ಎಂದೆ. ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಇದು ಸುಳ್ಳದರಿ ಮೇಡಂ. ನಮ್ಮ ತಮ್ಮಗ ಸಿಟ್ಟದ, ಹಗಿ ಇಲ್ಲ. ಹ್ವಾದ ಎಳ್ಳಮಾಸಿಗಿ ನಾ ಜ್ವರ ಬಂದು ಮಲಗಿದ್ದೆ. ಅಂವ ತನ್ನ ಹೊಲಕ್ಕ ಚರಗ ಚೆಲ್ಲಿ, ನನ್ನ ಹೊಲಕ್ಕೂ ಚೆಲ್ಲಿ ಹೋಗ್ಯಾನ.”

ಭೂಮಿತಾಯಿ ಬಸುರಿಯೆಂದು ಎಳ್ಳಮಾವಾಸ್ಯೆಗೆ ಸಜ್ಜೆ ಕಡಬು, ಭಜ್ಜಿ ಪಲ್ಯದ ಚರಗವನ್ನು ಹೊಲದ ತುಂಬ ಚೆಲ್ಲುತ್ತಾರೆ. ಕೇಡು ಬಗೆಯುವವನು ಇನ್ನೊಬ್ಬರ ಹೊಲಕ್ಕೆ ಉಣಿಸುವುದಿಲ್ಲ ಎಂಬುದು ಪೇಟೆಯಲ್ಲಿ ಬೆಳೆದ ನನಗೂ ಗೊತ್ತು. ಆದರೂ ಸೋಲಲು ಮನಸ್ಸಿಲ್ಲದೆ, ಆ ಪದ ತೆಗೆದರೆ ನೋಟಿಸಿನಲ್ಲಿ ಏನು ಉಳಿಯುತ್ತದೆ ಎಂದು ವಾದಿಸಿದೆ.

“ನಾಕು ಬಾಳಿಗಿಡ ಉಳೀತಾವಲ್ರಿ” ಎಂದು ಕಾಕಾ ನಕ್ಕೇಬಿಟ್ಟರು. ನನಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಫೋನು ತೆಗೆದು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಕೂತು, ಕೊನೆಗೆ ತಮ್ಮನಿಗೆ ಹಚ್ಚಿದರು. “ನಾನೋ, ಕಲಬುರಗಿಗಿ ಬಂದೀನಿ. ಗಂಜ್ ಬಜಾರಕ್ಕ ಹೊಂಟೀನಿ. ನಿನಗೇನರ ತರಬೇಕೇನು?”

ಆ ಕಡೆಯಿಂದ ತಮ್ಮನ ದನಿ ಶುರುವಾಗಿದ್ದು ನಿಲ್ಲಲೇ ಇಲ್ಲ. ಇಷ್ಟೆಲ್ಲ ನೆನಪಿರುವುದಿಲ್ಲ, ಬರೆದುಕೊಳ್ಳಿ ಎಂದು ಕಾಕಾ ನನಗೆ ಸನ್ನೆ ಮಾಡಿದರು. ಕೈಗೆ ಸಿಕ್ಕಿದ್ದು ನೋಟಿಸೇ. ಅದರ ಹಿಂಬದಿಯಲ್ಲಿ ಕಾಕಾ ಹೇಳಿದಂತೆ ಬರೆಯುತ್ತ ಹೋದೆ: ಎತ್ತಿಗೆ ಹಗ್ಗ, ಗೋಣಿಚೀಲ, ದಬ್ಬಣ, ಹಿಂಡಿ. ಎಂಥಾ ಖುಷಿಯಾಗಿತ್ತೆಂದರೆ ಅಕ್ಷರಗಳೆಲ್ಲ ಸೊಟ್ಟಗಾದವು.

ನನ್ನ ಮೊದಲ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಕಾಕಾ ನೆಹರು ಗಂಜಿಗೆ ಹೊರಟರು.